ಅಂತರ್ಯುದ್ಧದಲ್ಲಿ ನದಿದಂಡೆಯ ನಗರವನ್ನು ತೂಗಿ ನೋಡುವ ಕ್ರಮ

ಅಂತರ್ಯುದ್ಧಗಳ ಚರಿತ್ರೆಯನ್ನು ಓದುವವರಿಗೆ ಕೆಲವು ಊರುಗಳ ಹೆಸರು ಪದೇ ಪದೇ ಎದುರಾಗುತ್ತವೆ. ಅವುಗಳಲ್ಲಿ ಹೆಚ್ಚಿನವು ಯಾವುದಾದರೊಂದು ದೊಡ್ಡ ನದಿಯ ದಂಡೆಯ ಮೇಲಿರುತ್ತವೆ. ಪಠ್ಯಪುಸ್ತಕಗಳು ಅಂಥ ಊರನ್ನು ಆಯಕಟ್ಟಿನ ಸ್ಥಳವೆಂದು ಕರೆದು ಮುಂದಿನ ಕದನಕ್ಕೆ ಹೋಗಿಬಿಡುತ್ತವೆ. ಅದು ಯಾವ ಪಕ್ಷಕ್ಕೆ ಆಯಕಟ್ಟಿನದು, ವರ್ಷದ ಯಾವ ತಿಂಗಳಲ್ಲಿ, ಯಾವ ಸರಕಿನ ಲೆಕ್ಕದಲ್ಲಿ ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಚರಿತ್ರೆಯ ವಿದ್ಯಾರ್ಥಿಗಳೂ ಯುದ್ಧದ ಇತಿಹಾಸದಲ್ಲಿ ಆಸಕ್ತಿಯುಳ್ಳ ಇತರ ಓದುಗರೂ ಈ ಪ್ರಶ್ನೆಗಳನ್ನು ತಾವೇ ಬಿಡಿಸಿಕೊಳ್ಳಲು ನೆರವಾಗುವ ಒಂದು ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗಾಗಿ ಒಕ್ಕೂಟದಿಂದ ಬೇರೆಯಾಗಲು ಬಂಡೆದ್ದ ದಕ್ಷಿಣದ ರಾಜ್ಯಗಳಿಗೂ ಒಕ್ಕೂಟವನ್ನು ಉಳಿಸಿಕೊಳ್ಳಲು ಹೊರಟ ಉತ್ತರದ ರಾಜ್ಯಗಳಿಗೂ ನಡುವೆ 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧವನ್ನು, ಅದರಲ್ಲೂ ಮಿಸಿಸಿಪ್ಪಿ ಕಣಿವೆಯನ್ನು ಆರಿಸಿಕೊಂಡಿದ್ದೇನೆ. ಉಗಿನಾವೆ, ರೈಲು ಮತ್ತು ಭೂಸೇನೆ ಮೂರೂ ಒಂದೇ ನದಿಯ ಮೇಲೆ ಕೂಡಿ ಕೆಲಸ ಮಾಡಿದ್ದನ್ನು ಇಷ್ಟು ವಿವರವಾಗಿ ನೋಡಲು ಸಿಗುವ ಯುದ್ಧಗಳು ಕಡಿಮೆ.

ಇಡೀ ಕ್ರಮದ ತಿರುಳು ಒಂದೇ ಪ್ರಶ್ನೆಯಲ್ಲಿದೆ: ಈ ಊರು ಕೈಬದಲಾದರೆ ಯಾವ ಸಂಚಾರ ನಿಲ್ಲುತ್ತದೆ, ಯಾವ ಸಂಚಾರ ಆರಂಭವಾಗುತ್ತದೆ? ನದಿಯ ಉದ್ದಕ್ಕೆ ಸಾಗುವ ಸಂಚಾರ ಒಂದಾದರೆ, ನದಿಯನ್ನು ಅಡ್ಡಹಾಯುವ ಸಂಚಾರ ಇನ್ನೊಂದು. ನಾವೆಗಳಿರುವ ಪಕ್ಷಕ್ಕೆ ನದಿ ರಸ್ತೆಯಾಗುತ್ತದೆ, ನಾವೆಗಳಿಲ್ಲದ ಪಕ್ಷಕ್ಕೆ ಗೋಡೆಯಾಗುತ್ತದೆ. ಈ ಎರಡು ಸಂಚಾರಗಳು ಒಂದನ್ನೊಂದು ಕತ್ತರಿಸುವ ಜಾಗದಲ್ಲಿ ಊರು ಇದ್ದಾಗ ಅದರ ತೂಕ ಹೆಚ್ಚುತ್ತದೆ. ಜನಸಂಖ್ಯೆ, ಸಿರಿವಂತಿಕೆ, ರಾಜಧಾನಿಯೆಂಬ ಗೌರವ ಇವೆಲ್ಲ ಆಮೇಲಿನ ಮಾತು. 1860ರ ಜನಗಣತಿಯಲ್ಲಿ ಮಿಸಿಸಿಪ್ಪಿ ನದಿಯ ಬಾಯಿಯ ಕಡೆಗಿರುವ ನ್ಯೂ ಆರ್ಲಿಯನ್ಸ್‌ನ ಜನಸಂಖ್ಯೆ ಸುಮಾರು 1,68,000, ಅದೇ ನದಿಯ ದಂಡೆಯಲ್ಲಿ ಅದರಿಂದ ಮೇಲ್ಗಡೆಯಿರುವ ವಿಕ್ಸ್‌ಬರ್ಗ್‌ನದು ಸುಮಾರು 4,600. ದಕ್ಷಿಣದ ಬಂಡಾಯ ರಾಜ್ಯಗಳ ಅತಿದೊಡ್ಡ ನಗರವಾಗಿದ್ದ ನ್ಯೂ ಆರ್ಲಿಯನ್ಸ್ ಯುದ್ಧದ ಎರಡನೆಯ ವಸಂತದಲ್ಲೇ ಕೈಬಿಟ್ಟುಹೋಯಿತು. ಆದರೂ ನದಿ ತೆರೆಯಲಿಲ್ಲ. ಅದು ತೆರೆದದ್ದು ಮುಂದಿನ ವರ್ಷ ಆ ಸಣ್ಣ ಊರು ಬಿದ್ದ ಮೇಲೆ.

ಪರದೇಶದ ಶತ್ರುವಿನೊಡನೆ ಮಾಡುವ ಯುದ್ಧಕ್ಕೂ ಅಂತರ್ಯುದ್ಧಕ್ಕೂ ಈ ವಿಷಯದಲ್ಲಿ ಒಂದು ವ್ಯತ್ಯಾಸವಿದೆ, ಅದನ್ನು ಆರಂಭದಲ್ಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಿನ್ನೆಯವರೆಗೆ ಇಡೀ ನದಿ ಒಂದೇ ಮಾರುಕಟ್ಟೆಯಾಗಿತ್ತು. ಸೇಂಟ್ ಲೂಯಿಸ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಸ್ಟೀಮರ್ ನಡೆಸುತ್ತಿದ್ದ ಚುಕ್ಕಾಣಿಗರು, ದಂಡೆಯ ಊರುಗಳಲ್ಲಿ ಸಾಲ ಕೊಟ್ಟುಕೊಂಡಿದ್ದ ವ್ಯಾಪಾರಿಗಳು, ಎರಡೂ ಕಡೆ ನೆಂಟರಿದ್ದ ಕುಟುಂಬಗಳು ರಾತ್ರೋರಾತ್ರಿ ಎರಡು ಪಕ್ಷಗಳಿಗೆ ಹಂಚಿಹೋದರು. ಆದ್ದರಿಂದ ಅಂತರ್ಯುದ್ಧದ ನದಿನಗರದಲ್ಲಿ ಗುಟ್ಟು ಕಡಿಮೆ, ಕಳ್ಳಸಾಗಣೆ ಹೆಚ್ಚು, ಊರೊಳಗಿನ ನಿಷ್ಠೆಯೂ ಅನಿಶ್ಚಿತ.

ಮೊದಲು ಸರಿಯಾದ ನಕಾಶೆ

ಈಗಿನ ನಕಾಶೆಯನ್ನಿಟ್ಟುಕೊಂಡು ಹಳೆಯ ಯುದ್ಧವನ್ನು ಅರ್ಥಮಾಡಿಕೊಳ್ಳಲು ಹೊರಟರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ, ಏಕೆಂದರೆ ಬಯಲಿನ ನದಿಗಳು ಪಾತ್ರ ಬದಲಿಸುತ್ತವೆ. ಯುದ್ಧಕಾಲದಲ್ಲಿ ಮಿಸಿಸಿಪ್ಪಿಯು ವಿಕ್ಸ್‌ಬರ್ಗ್‌ನ ಎದುರಿಗೆ ಕೂದಲಪಿನ್ನಿನ ಹಾಗೆ ಬಾಗಿ, ಊರಿನ ಬುಡದಲ್ಲೇ ಹರಿಯುತ್ತಿತ್ತು. 1876ರಲ್ಲಿ ನದಿ ಆ ತಿರುವನ್ನು ತಾನೇ ಕಡಿದುಕೊಂಡು ನೇರವಾಗಿ ಹರಿಯತೊಡಗಿತು. ಊರು ಮುಖ್ಯ ಹರಿವಿನಿಂದ ದೂರವಾಯಿತು. ಯಾಝೂ ನದಿಯನ್ನು ಕಾಲುವೆಯ ಮೂಲಕ ತಿರುಗಿಸಿ ಊರಿನ ಧಕ್ಕೆಗೆ ಮತ್ತೆ ನೀರು ತಂದದ್ದು 1903ರಲ್ಲಿ. ಈ ಸಂಗತಿ ತಿಳಿಯದವರಿಗೆ, ಅಲ್ಲಿನ ಫಿರಂಗಿಗಳು ನಾವೆಗಳನ್ನು ಅಷ್ಟೊಂದು ಕಾಡಿದ್ದು ಹೇಗೆ ಎಂಬುದು ಬಿಡಿಸಲಾಗದ ಒಗಟಾಗುತ್ತದೆ.

ಆದ್ದರಿಂದ ಯುದ್ಧ ನಡೆದ ದಶಕದ ನಕಾಶೆಯನ್ನು, ಸಾಧ್ಯವಾದರೆ ರೈಲುಮಾರ್ಗಗಳನ್ನು ಗುರುತಿಸಿರುವುದನ್ನು ಹುಡುಕಿಕೊಳ್ಳಿ. ಅದರ ಮೇಲೆ ತೆಳುಕಾಗದವಿಟ್ಟು ನದಿಗಳನ್ನು ಒಂದು ಬಣ್ಣದಲ್ಲಿ, ರೈಲುಗಳನ್ನು ಇನ್ನೊಂದು ಬಣ್ಣದಲ್ಲಿ ಎಳೆದುಕೊಳ್ಳಿ. ರಾಜ್ಯಗಳ ಗಡಿಗಳನ್ನು ಕಡೆಯಲ್ಲಿ, ತೆಳುವಾಗಿ ಹಾಕಿದರೆ ಸಾಕು.

ಹರಿವಿನ ದಿಕ್ಕು ಮತ್ತು ಸಂಗಮಗಳು

ಪ್ರತಿ ನದಿಯ ಮೇಲೂ ಹರಿವಿನ ದಿಕ್ಕಿಗೆ ಬಾಣದ ಗುರುತು ಹಾಕಿ. ಕ್ಷುಲ್ಲಕವೆನಿಸುವ ಈ ಕೆಲಸ ಬಹಳಷ್ಟನ್ನು ಬಿಡಿಸಿಹೇಳುತ್ತದೆ. ಮಿಸಿಸಿಪ್ಪಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಟೆನೆಸಿ ನದಿಯಾದರೋ ಪೂರ್ವದ ಬೆಟ್ಟಗಳಿಂದ ಇಳಿದು ಅಲಬಾಮಾವನ್ನು ಹೊಕ್ಕು, ಅಲ್ಲಿಂದ ತಿರುಗಿ ಉತ್ತರಾಭಿಮುಖವಾಗಿ ಹರಿದು ಪಡುಕಾ ಎಂಬ ಊರಿನಲ್ಲಿ ಒಹಾಯೋವನ್ನು ಸೇರುತ್ತದೆ. ನ್ಯಾಶ್‌ವಿಲ್ ನಗರವನ್ನು ಬಳಸಿ ಬರುವ ಕಂಬರ್‌ಲೆಂಡ್ ಕೂಡ ಅದರ ಹತ್ತಿರದಲ್ಲೇ ಒಹಾಯೋವನ್ನು ಕೂಡುತ್ತದೆ. ಉತ್ತರದವರು ದಕ್ಷಿಣಕ್ಕೆ ನುಗ್ಗಬೇಕಾದಾಗ ಮಿಸಿಸಿಪ್ಪಿಯಲ್ಲಿ ಹರಿವಿನ ಜೊತೆಗೆ ಹೋಗಬೇಕು, ಟೆನೆಸಿ ಮತ್ತು ಕಂಬರ್‌ಲೆಂಡ್‌ಗಳಲ್ಲಿ ಹರಿವಿಗೆ ಎದುರಾಗಿ ಹೋಗಬೇಕು.

ಹರಿವಿನ ಜೊತೆಗೆ ಹೋಗುವುದೇ ಸುಲಭವೆಂದು ಮೇಲ್ನೋಟಕ್ಕೆ ತೋರುತ್ತದೆ. ಫಿರಂಗಿ ನಾವೆಯ ನಾಯಕನಿಗೆ ಹಾಗೆ ತೋರುತ್ತಿರಲಿಲ್ಲ. ಹರಿವಿನ ಜೊತೆಗೆ ಕೆಳಗಿಳಿಯುತ್ತಿರುವ ನಾವೆಯ ಯಂತ್ರಕ್ಕೆ ಗುಂಡು ತಗುಲಿದರೆ ನೀರು ಅದನ್ನು ಶತ್ರುವಿನ ಮಡಿಲಿಗೆ ಒಯ್ಯುತ್ತದೆ. ಎದುರು ಹರಿವಿನಲ್ಲಿ ಕಾದಾಡುವ ನಾವೆ ಕೆಟ್ಟರೆ ತನ್ನವರ ಕಡೆಗೇ ತೇಲಿ ಬರುತ್ತದೆ. 1862ರ ಫೆಬ್ರವರಿ 14ರಂದು ಕಂಬರ್‌ಲೆಂಡ್ ದಂಡೆಯ ಫೋರ್ಟ್ ಡೊನೆಲ್ಸನ್ ಎದುರು ಪೆಟ್ಟು ತಿಂದ ಉತ್ತರದ ನಾವೆಗಳು ಹೀಗೆ ಹಿಂದಕ್ಕೆ ತೇಲಿಬಂದು ಉಳಿದುಕೊಂಡವು. ಆ ನಾವೆಗಳ ನಾಯಕನಾಗಿದ್ದ ನೌಕಾಧಿಕಾರಿ ಆಂಡ್ರ್ಯೂ ಫುಟ್ ಮುಂದಿನ ತಿಂಗಳು ಮಿಸಿಸಿಪ್ಪಿಯ ಹತ್ತನೆಯ ನಂಬರಿನ ದ್ವೀಪದ ಎದುರು ಅತಿಯಾದ ಎಚ್ಚರ ವಹಿಸಿದ್ದಕ್ಕೆ ಈ ವ್ಯತ್ಯಾಸವೂ ಒಂದು ಕಾರಣ.

ಬಾಣಗಳನ್ನು ಹಾಕಿದ ಮೇಲೆ ಸಂಗಮಗಳಿಗೆ ವೃತ್ತ ಹಾಕಿ. ಸಂಗಮದ ಊರನ್ನು ಹಿಡಿದವನು ಎರಡು ನದಿಗಳ ಬಾಯಿಯನ್ನು ಒಮ್ಮೆಗೇ ಹಿಡಿದಂತೆ. ಒಹಾಯೋ ಮತ್ತು ಮಿಸಿಸಿಪ್ಪಿ ಕೂಡುವ ಕೈರೋ ಎಂಬ ಊರು ಇಲಿನಾಯ್ ರಾಜ್ಯದ ದಕ್ಷಿಣದ ತುದಿಯಲ್ಲಿದೆ. ಉತ್ತರದ ರಾಜ್ಯಕ್ಕೆ ಸೇರಿದ್ದರೂ ಅದು ಬಂಡಾಯದ ರಾಜಧಾನಿಯಾದ ರಿಚ್ಮಂಡ್‌ಗಿಂತಲೂ ದಕ್ಷಿಣದ ಅಕ್ಷಾಂಶದಲ್ಲಿದೆ. ಇಲಿನಾಯ್ ಸೆಂಟ್ರಲ್ ರೈಲು ಅಲ್ಲಿಗೆ ಬಂದು ಮುಗಿಯುತ್ತಿತ್ತು. ರೈಲು, ಎರಡು ನದಿ, ಶತ್ರುವಿನ ಒಡಲಿಗೆ ಚಾಚಿದ ನೆಲ: ಇವಿಷ್ಟೂ ಕೂಡಿದ್ದರಿಂದ, ಕೆಸರಿನಲ್ಲಿ ಮುಳುಗೇಳುತ್ತಿದ್ದ ಆ ಸಾಧಾರಣ ಊರು ಪಶ್ಚಿಮ ರಂಗದ ಉಗ್ರಾಣವಾಯಿತು.

1861ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ನಡೆದದ್ದು ಗಮನಿಸತಕ್ಕದ್ದು. ಕೆಂಟಕಿ ರಾಜ್ಯ ಆಗ ತಟಸ್ಥವಾಗಿತ್ತು. ದಕ್ಷಿಣದ ಸೇನಾನಿ ಲಿಯೋನಿಡಸ್ ಪೋಕ್ ಮಿಸಿಸಿಪ್ಪಿ ದಂಡೆಯ ಎತ್ತರದ ಊರಾದ ಕೊಲಂಬಸ್ ಅನ್ನು ಹಿಡಿದು, ಫಿರಂಗಿಗಳನ್ನು ಏರಿಸಿ, ನದಿಗೆ ಅಡ್ಡಲಾಗಿ ಸರಪಳಿ ಹಾಕಿಸಿದ. ನಕಾಶೆಯಲ್ಲಿ ಅದು ಭಯಂಕರವಾದ ತಡೆಯೇ ಸರಿ. ಅದಕ್ಕೆ ಉತ್ತರವಾಗಿ ಉತ್ತರದ ಪಕ್ಷದ ಸೇನಾನಿ ಯುಲಿಸಿಸ್ ಗ್ರಾಂಟ್ ಸೆಪ್ಟೆಂಬರ್ 6ರಂದು ಕೈರೋದಿಂದ ಸ್ಟೀಮರುಗಳಲ್ಲಿ ಹೋಗಿ ಪಡುಕಾವನ್ನು ಗುಂಡು ಹಾರಿಸದೆ ಹಿಡಿದುಕೊಂಡ. ಆರು ತಿಂಗಳೊಳಗೆ ಫಲ ಕಾಣಿಸಿತು: ಫೆಬ್ರವರಿ 6ಕ್ಕೆ ಟೆನೆಸಿ ದಂಡೆಯ ಫೋರ್ಟ್ ಹೆನ್ರಿ, 16ಕ್ಕೆ ಡೊನೆಲ್ಸನ್, 25ಕ್ಕೆ ನ್ಯಾಶ್‌ವಿಲ್ ಬಿದ್ದವು. ಬಂಡಾಯ ರಾಜ್ಯಗಳ ರಾಜಧಾನಿಗಳಲ್ಲಿ ಮೊದಲು ಬಿದ್ದದ್ದು ನ್ಯಾಶ್‌ವಿಲ್. ಉತ್ತರದ ನಾವೆಗಳು ಅಲಬಾಮಾದ ಫ್ಲಾರೆನ್ಸ್‌ವರೆಗೂ ಹೋಗಿಬಂದವು. ಬೆನ್ನ ಹಿಂದಿನ ನದಿಗಳು ಹೀಗೆ ಕೈತಪ್ಪಿದಾಗ ಕೊಲಂಬಸ್‌ನ ಸರಪಳಿಗೂ ಫಿರಂಗಿಗೂ ಅರ್ಥ ಉಳಿಯಲಿಲ್ಲ. ಮಾರ್ಚ್ ಆರಂಭದಲ್ಲಿ ದಕ್ಷಿಣದವರು ಅದನ್ನು ಕದನವಿಲ್ಲದೆ ತೆರವು ಮಾಡಿದರು. ಒಂದು ನದಿನಗರವನ್ನು ತೂಗುವಾಗ ಅದರ ನದಿಯನ್ನು ಮಾತ್ರ ನೋಡದೆ ಪಕ್ಕದಲ್ಲಿ ಸಮಾಂತರವಾಗಿ ಹರಿಯುವ ನದಿಗಳನ್ನೂ ಏಕೆ ನೋಡಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ.

ಅಡ್ಡಹಾಯುವ ಸರಕು

ಈಗ ರೈಲಿನ ಗೆರೆಗಳು ನದಿಯನ್ನು ಮುಟ್ಟುವ ಜಾಗಗಳನ್ನು ಗುರುತಿಸಿ. ಸೇಂಟ್ ಲೂಯಿಸ್‌ನಿಂದ ಕೆಳಗೆ ಮಿಸಿಸಿಪ್ಪಿಗೆ ಆಗ ಒಂದೂ ಸೇತುವೆ ಇರಲಿಲ್ಲ. ವಿಕ್ಸ್‌ಬರ್ಗ್‌ನಿಂದ ಪೂರ್ವಕ್ಕೆ ಜ್ಯಾಕ್ಸನ್ ನಗರದ ಮೂಲಕ ರೈಲು ಹೋಗುತ್ತಿತ್ತು. ಎದುರು ದಂಡೆಯಿಂದ ಪಶ್ಚಿಮಕ್ಕೆ ಲೂಯಿಸಿಯಾನದ ಮನ್ರೋವರೆಗೆ ಇನ್ನೊಂದು ರೈಲು. ನಡುವೆ ದೋಣಿಯ ಕಡವು. ದಕ್ಷಿಣದವರು ನ್ಯೂ ಆರ್ಲಿಯನ್ಸ್ ಅನ್ನೂ ನದಿಯ ಮೇಲ್ಗಡೆಯ ಮೆಂಫಿಸ್ ಅನ್ನೂ ಕಳೆದುಕೊಂಡ ಮೇಲೆ ಟೆಕ್ಸಸ್ಸಿನ ದನ, ಲೂಯಿಸಿಯಾನದ ಸಕ್ಕರೆ ಮತ್ತು ಉಪ್ಪು ಪೂರ್ವದ ಸೇನೆಗಳಿಗೆ ತಲುಪಲು ಉಳಿದದ್ದು ವಿಕ್ಸ್‌ಬರ್ಗ್ ಮತ್ತು ಅದರ ಕೆಳಗಿನ ಪೋರ್ಟ್ ಹಡ್ಸನ್ ನಡುವಿನ ನದಿಯ ತುಂಡು ಮಾತ್ರ. ರೆಡ್ ನದಿ ಮಿಸಿಸಿಪ್ಪಿಯನ್ನು ಕೂಡುವುದು ಈ ತುಂಡಿನಲ್ಲೇ. 1862ರ ಆಗಸ್ಟ್‌ನಿಂದ ಪೋರ್ಟ್ ಹಡ್ಸನ್ನಿನಲ್ಲಿ ಕೋಟೆ ಕಟ್ಟಲು ಅದೇ ಮುಖ್ಯ ಕಾರಣ.

ಉದ್ದಕ್ಕೆ ಸಾಗುವ ಸರಕಿನ ಪಟ್ಟಿಯನ್ನೂ ಮಾಡಿಕೊಳ್ಳಿ. ಇಲಿನಾಯ್, ಅಯೋವ, ಇಂಡಿಯಾನದ ರೈತರು ತಮ್ಮ ಧಾನ್ಯವನ್ನೂ ಹಂದಿಮಾಂಸವನ್ನೂ ತಲೆಮಾರುಗಳಿಂದ ನ್ಯೂ ಆರ್ಲಿಯನ್ಸ್‌ಗೆ ಇಳಿಸುತ್ತಿದ್ದರು. 1850ರ ದಶಕದಲ್ಲಿ ಶಿಕಾಗೋದಿಂದ ಪೂರ್ವಕ್ಕೆ ರೈಲುಗಳು ಬಂದು ಆ ಅವಲಂಬನೆ ಕಡಿಮೆಯಾಗಿತ್ತು. ಹಾಗಿದ್ದರೂ ನದಿ ಮುಚ್ಚಿದೆಯೆಂಬ ಅಸಮಾಧಾನ ಆ ರಾಜ್ಯಗಳ ರಾಜಕೀಯದಲ್ಲಿ ದೊಡ್ಡದಾಗಿತ್ತು, ಉತ್ತರದ ಅಧ್ಯಕ್ಷ ಲಿಂಕನ್ ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕಾಗಿತ್ತು. ಸರಕಿನ ಟನ್ನುಗಳನ್ನು ಮಾತ್ರ ಎಣಿಸುವವರು ಈ ಭಾಗವನ್ನು ಕಾಣದೆ ಹೋಗುತ್ತಾರೆ.

ನ್ಯೂ ಆರ್ಲಿಯನ್ಸ್ ಹತ್ತಿಯ ಬಂದರೂ ಆಗಿತ್ತು. ಉತ್ತರದ ಸಮುದ್ರ ದಿಗ್ಬಂಧನ ಮತ್ತು ದಕ್ಷಿಣದವರೇ ಹತ್ತಿಯನ್ನು ತಡೆಹಿಡಿದ ಧೋರಣೆಗಳಿಂದ ಲ್ಯಾಂಕಾಶೈರಿನ ಗಿರಣಿಗಳು ನಿಂತಾಗ ಅದರ ಬಿಸಿ ನಮ್ಮ ಕಡೆಗೂ ತಾಗಿತು. 1840ರ ದಶಕದಿಂದ ಧಾರವಾಡದ ಕರಿಮಣ್ಣಿನಲ್ಲಿ ಬೆಳೆಸಿ ಪಳಗಿಸಿದ್ದ, ಧಾರವಾಡ-ಅಮೆರಿಕನ್ ಎಂದು ಹೆಸರಾದ ಹತ್ತಿಯ ಮೂಲ ಬೀಜ ನ್ಯೂ ಆರ್ಲಿಯನ್ಸ್ ತಳಿಯದು. ಯುದ್ಧದ ವರ್ಷಗಳಲ್ಲಿ ಅದರ ಬೆಲೆ ಏರಿತು, ಯುದ್ಧ ಮುಗಿದೊಡನೆ ಇಳಿಯಿತು. ನದಿನಗರದ ತೂಕವನ್ನು ಅಳೆಯುವ ಗೆರೆ ಎಷ್ಟು ದೂರ ಚಾಚಬಹುದೆಂದು ಕೇಳುವವರು ಧಾರವಾಡದಿಂದಲೇ ಅಳತೆ ಶುರುಮಾಡಬಹುದು.

ದಂಡೆಯ ಎತ್ತರ, ನೀರಿನ ಮಟ್ಟ

ನಕಾಶೆಯಲ್ಲಿ ಕಾಣದ ಎರಡು ಸಂಗತಿಗಳನ್ನು ಬೇರೆಡೆಯಿಂದ ತಿಳಿದುಕೊಳ್ಳಬೇಕಾಗುತ್ತದೆ. ಕೆಳ ಮಿಸಿಸಿಪ್ಪಿಯ ಪಶ್ಚಿಮ ದಂಡೆ ಬಹುಮಟ್ಟಿಗೆ ತಗ್ಗು ಮತ್ತು ಜೌಗು. ಕೊಲಂಬಸ್, ಮೆಂಫಿಸ್, ವಿಕ್ಸ್‌ಬರ್ಗ್, ಗ್ರ್ಯಾಂಡ್ ಗಲ್ಫ್, ನ್ಯಾಚೆಝ್, ಪೋರ್ಟ್ ಹಡ್ಸನ್ ಎಲ್ಲವೂ ಪೂರ್ವ ದಂಡೆಯ ದಿಬ್ಬಗಳ ಮೇಲೆ, ನದಿ ಬಂದು ದಿಬ್ಬವನ್ನು ಸವರಿಕೊಂಡು ಹೋಗುವಲ್ಲಿ ಹುಟ್ಟಿದ ಊರುಗಳು. ವಿಕ್ಸ್‌ಬರ್ಗ್‌ನ ದಿಬ್ಬ ನೀರಿನಿಂದ ಸುಮಾರು 60 ಮೀಟರ್ ಎತ್ತರ. ಅಲ್ಲಿನ ಫಿರಂಗಿ ನಾವೆಯ ಮಾಳಿಗೆಯ ಮೇಲೆ ಗುಂಡು ಇಳಿಸಬಲ್ಲದು, ನಾವೆಯ ಫಿರಂಗಿಗೆ ಅಷ್ಟು ಎತ್ತರಕ್ಕೆ ಮುಖ ಎತ್ತುವುದೇ ಕಷ್ಟ. ತಿರುವಿನಲ್ಲಿ ನಾವೆಗಳು ವೇಗ ಕಡಿಮೆ ಮಾಡಲೇಬೇಕಾದ್ದರಿಂದ ಗುರಿ ಇನ್ನೂ ಸುಲಭ.

ನ್ಯೂ ಆರ್ಲಿಯನ್ಸ್ ಇದಕ್ಕೆ ಪೂರ್ತಿ ವಿರುದ್ಧ. ಅದರ ರಕ್ಷಣೆಯೆಲ್ಲ ಸುಮಾರು 110 ಕಿಲೋಮೀಟರ್ ಕೆಳಗಿನ ಜ್ಯಾಕ್ಸನ್ ಮತ್ತು ಸೇಂಟ್ ಫಿಲಿಪ್ ಕೋಟೆಗಳಲ್ಲಿತ್ತು. 1862ರ ಏಪ್ರಿಲ್ 24ರ ನಸುಕಿನಲ್ಲಿ ಉತ್ತರದ ನೌಕಾಧಿಕಾರಿ ಡೇವಿಡ್ ಫಾರಗಟ್ ಅವುಗಳ ನಡುವಿನಿಂದ ನುಸುಳಿ ಬಂದಾಗ ನಗರಕ್ಕೆ ಬೇರೆ ಆಸರೆ ಇರಲಿಲ್ಲ. ನದಿ ತುಂಬಿ ಒಡ್ಡುಗಳ ಅಂಚಿಗೆ ಬಂದಿತ್ತು. ತಗ್ಗಿನ ಬೀದಿಗಳನ್ನು ಹಡಗಿನ ಫಿರಂಗಿಗಳು ಮೇಲಿನಿಂದ ಇಣುಕಿ ನೋಡುತ್ತಿದ್ದವು. ಕೋಟೆ ದಾಟಿದರೆ ನಗರ ಬಿದ್ದಂತೆಯೇ ಎಂದಾಗುವ ಊರಿಗೂ, ನಗರವೇ ಕೋಟೆಯಾಗಿರುವ ಊರಿಗೂ ನಿಮ್ಮ ಟಿಪ್ಪಣಿಯಲ್ಲಿ ಬೇರೆ ಬೇರೆ ಗುರುತು ಇರಲಿ.

ನೀರಿನ ಮಟ್ಟಕ್ಕೆ ಸಂಬಂಧಿಸಿ ತಿಂಗಳುವಾರು ಟಿಪ್ಪಣಿ ಮಾಡಿಕೊಳ್ಳುವುದು ಒಳ್ಳೆಯದು. ತಗ್ಗಿನಲ್ಲಿ ಕಟ್ಟಿದ್ದ ಫೋರ್ಟ್ ಹೆನ್ರಿಯೊಳಗೆ ಫೆಬ್ರವರಿಯ ನೆರೆ ನುಗ್ಗಿತ್ತು, ಅದು ಭೂಸೇನೆ ಬಂದು ತಲುಪುವ ಮೊದಲೇ ನಾವೆಗಳಿಗೆ ಶರಣಾಯಿತು. 1862ರ ಜುಲೈಯಲ್ಲಿ ನೀರಿಳಿದಾಗ ಫಾರಗಟ್‌ನ ಸಮುದ್ರಗಾಮಿ ಹಡಗುಗಳು ವಿಕ್ಸ್‌ಬರ್ಗ್ ಬಿಟ್ಟು ಕೆಳಗಿಳಿಯಬೇಕಾಯಿತು. 1864ರ ವಸಂತದಲ್ಲಿ ರೆಡ್ ನದಿಯ ನೀರು ಇಳಿದು ಉತ್ತರದ ಇಡೀ ನಾವೆಪಡೆ ಅಲೆಕ್ಸಾಂಡ್ರಿಯದ ಬಂಡೆಗಳ ಮೇಲ್ಗಡೆ ಸಿಕ್ಕಿಬಿದ್ದಾಗ, ಜೋಸೆಫ್ ಬೈಲಿ ಎಂಬ ಅಧಿಕಾರಿ ಮರದ ಅಡ್ಡಗಟ್ಟೆ ಕಟ್ಟಿಸಿ, ನೀರು ಏರಿಸಿ, ಅವುಗಳನ್ನು ಹೊರಗೆ ಹಾಯಿಸಿದ. ಉತ್ತರದವರಿಗೆ ಜೇಮ್ಸ್ ಈಡ್ಸ್ ಕಟ್ಟಿಸಿಕೊಟ್ಟ ಕಬ್ಬಿಣದ ಹೊದಿಕೆಯ ಏಳು ನಾವೆಗಳಿಗೆ ಸುಮಾರು ಆರು ಅಡಿ ನೀರು ಸಾಕಾಗಿತ್ತು. ಅಷ್ಟು ಭಾರದ ನಾವೆಗೆ ಅದು ಸಣ್ಣ ಸಾಧನೆಯಲ್ಲ. ಆ ಏಳಕ್ಕೂ ಕೈರೋ, ಕಾರೊಂಡಲೆಟ್, ಸಿನ್ಸಿನಾಟಿ, ಲೂಯಿವಿಲ್, ಮೌಂಡ್ ಸಿಟಿ, ಪಿಟ್ಸ್‌ಬರ್ಗ್, ಸೇಂಟ್ ಲೂಯಿಸ್ ಎಂದು ನದಿದಂಡೆಯ ಊರುಗಳದೇ ಹೆಸರು.

ನಗರವನ್ನು ಹಿಡಿಯುವುದು, ನದಿಯನ್ನು ತೆರೆಯುವುದು

ಇವೆರಡೂ ಒಂದೇ ಕೆಲಸವೆಂದು ಭಾವಿಸಿದವರು ಯುದ್ಧಕಾಲದಲ್ಲೂ ಇದ್ದರು. ನ್ಯೂ ಆರ್ಲಿಯನ್ಸ್ ಹಿಡಿದ ಉತ್ಸಾಹದಲ್ಲಿ ಫಾರಗಟ್ ನದಿಯನ್ನೇರಿ ಬಂದ. ಬೇಟನ್ ರೂಝ್ ಮತ್ತು ನ್ಯಾಚೆಝ್ ಮೇ ತಿಂಗಳಲ್ಲಿ ಶರಣಾದವು. ವಿಕ್ಸ್‌ಬರ್ಗ್ ಶರಣಾಗಲು ಒಪ್ಪಲಿಲ್ಲ. ಜೂನ್ 28ರಂದು ಅವನ ಹಡಗುಗಳು ಫಿರಂಗಿಗಳ ಎದುರಿನಿಂದಲೇ ಹಾದು ಮೇಲೆ ಹೋದವು, ಅಂದರೆ ಹಾದುಹೋಗುವುದು ಸಾಧ್ಯವೆಂಬುದು ಆಗಲೇ ಸಿದ್ಧವಾಯಿತು. ಆದರೆ ದಿಬ್ಬ ಹತ್ತಿ ಊರನ್ನು ಹಿಡಿದಿಟ್ಟುಕೊಳ್ಳಲು ಬೇಕಾದಷ್ಟು ಪದಾತಿಗಳು ಅವನ ಬಳಿ ಇರಲಿಲ್ಲ. ನಿರಾಯುಧ ಸರಕಿನ ಸ್ಟೀಮರುಗಳಂತೂ ಹಾಗೆ ಹಾಯಲಾರವು. ನದಿ ಮುಚ್ಚಿಯೇ ಉಳಿಯಿತು.

ಆ ಚಳಿಗಾಲದಲ್ಲಿ ಗ್ರಾಂಟ್ ಭೂಮಾರ್ಗದಿಂದ, ರೈಲಿನ ಗುಂಟ ದಕ್ಷಿಣಕ್ಕೆ ಬಂದ. ಡಿಸೆಂಬರ್ 20ರಂದು ದಕ್ಷಿಣದ ಸೇನಾನಿ ಅರ್ಲ್ ವ್ಯಾನ್ ಡಾರ್ನ್‌ನ ಕುದುರೆ ಸವಾರರು ಹಾಲಿ ಸ್ಪ್ರಿಂಗ್ಸ್ ಎಂಬಲ್ಲಿದ್ದ ಅವನ ಉಗ್ರಾಣವನ್ನು ಸುಟ್ಟರು. ಅತ್ತ ಟೆನೆಸಿ ರಾಜ್ಯದಲ್ಲಿ ದಕ್ಷಿಣದವನೇ ಆದ ನೇಥನ್ ಬೆಡ್‌ಫರ್ಡ್ ಫಾರೆಸ್ಟ್ ರೈಲುಹಳಿ ಕಿತ್ತ. ಗ್ರಾಂಟ್ ಹಿಂದೆ ಸರಿದ. ಅದು ತಿಳಿಯದೆ ನದಿಯ ಕಡೆಯಿಂದ ಚಿಕಾಸಾ ಬೈಯೂ ಜೌಗಿನ ಮೂಲಕ ದಾಳಿ ಮಾಡಿದ ಗ್ರಾಂಟ್‌ನ ಕೈಕೆಳಗಿನ ಸೇನಾನಿ ವಿಲಿಯಂ ಶೆರ್ಮನ್ ತಿಂಗಳ ಕೊನೆಯಲ್ಲಿ ಸೋತು ಮರಳಿದ. ರೈಲಿನ ಹಳಿ ಕೀಳಲು ನೂರು ಸವಾರರು ಸಾಕು, ನದಿಯನ್ನು ಕೀಳಲು ಯಾರಿಂದಲೂ ಆಗದು; ಸರಬರಾಜಿನ ದಾರಿಯಾಗಿ ನದಿಯ ಬೆಲೆ ಗ್ರಾಂಟ್‌ಗೆ ಅಲ್ಲಿಂದ ಮುಂದೆ ಖಚಿತವಾಯಿತು.

1863ರ ಮೊದಲ ಮೂರು ತಿಂಗಳು ಕಾಲುವೆ ತೋಡುವುದರಲ್ಲಿ, ತೊರೆಗಳಲ್ಲಿ ದಾರಿ ಹುಡುಕುವುದರಲ್ಲಿ ಹೋಯಿತು. ಊರಿನ ಎದುರಿನ ತಿರುವನ್ನು ಕಡಿಯುವ ಕಾಲುವೆ, ಲೇಕ್ ಪ್ರಾವಿಡೆನ್ಸ್, ಯಾಝೂ ಪಾಸ್, ಸ್ಟೀಲ್ಸ್ ಬೈಯೂ ಯಾವುದೂ ಫಲಿಸಲಿಲ್ಲ. (ಗ್ರಾಂಟ್ ಕಡಿಯಲಾರದ ತಿರುವನ್ನು ನದಿ ಹದಿಮೂರು ವರ್ಷಗಳ ಮೇಲೆ ತಾನಾಗಿ ಕಡಿಯಿತೆಂಬುದು ಚರಿತ್ರೆಯ ಕುಚೋದ್ಯ.) ಕೊನೆಗೆ ಅವನು ಸೇನೆಯನ್ನು ಪಶ್ಚಿಮ ದಂಡೆಯಲ್ಲಿ ಊರಿನ ಕೆಳಕ್ಕೆ ನಡೆಸಿದ. ಏಪ್ರಿಲ್ 16ರ ರಾತ್ರಿ ಉತ್ತರದ ನೌಕಾಧಿಕಾರಿ ಡೇವಿಡ್ ಪೋರ್ಟರ್‌ನ ನಾವೆಗಳು ಹತ್ತಿಯ ಬೇಲುಗಳನ್ನು ಒಡ್ಡಾಗಿ ಜೋಡಿಸಿಕೊಂಡು ಫಿರಂಗಿಗಳ ಮುಂದಿನಿಂದ ಇಳಿದವು. ಸಾಗಣೆಯ ಒಂದು ಸ್ಟೀಮರ್ ಮಾತ್ರ ಸುಟ್ಟುಹೋಯಿತು. ಏಪ್ರಿಲ್ 30ರಂದು ಬ್ರೂಯಿನ್ಸ್‌ಬರ್ಗ್ ಎಂಬಲ್ಲಿ ಸೇನೆ ಪೂರ್ವ ದಂಡೆಗೆ ದಾಟಿತು.

ಇಲ್ಲಿಂದ ಅವನು ನೇರವಾಗಿ ವಿಕ್ಸ್‌ಬರ್ಗ್‌ಗೆ ಹೋಗಲಿಲ್ಲವೆಂಬುದನ್ನು ಗಮನಿಸಬೇಕು. ಮೊದಲು ಹೋದದ್ದು ಒಳನಾಡಿನ ಜ್ಯಾಕ್ಸನ್‌ಗೆ. ಮೇ 14ರಂದು ಅದನ್ನು ಹಿಡಿದು ರೈಲನ್ನು ಹಾಳುಗೆಡವಿ, ಆಮೇಲೆ ಪಶ್ಚಿಮಕ್ಕೆ ತಿರುಗಿ 16ರಂದು ಚಾಂಪಿಯನ್ ಹಿಲ್‌ನಲ್ಲೂ 17ರಂದು ಬಿಗ್ ಬ್ಲ್ಯಾಕ್ ನದಿಯ ಸೇತುವೆಯ ಬಳಿಯೂ ವಿಕ್ಸ್‌ಬರ್ಗ್ ಕಾಯುತ್ತಿದ್ದ ದಕ್ಷಿಣದ ಸೇನಾನಿ ಜಾನ್ ಪೆಂಬರ್ಟನ್‌ನನ್ನು ಸೋಲಿಸಿ, ಊರೊಳಕ್ಕೆ ಅಟ್ಟಿದ. ನೀರಿನ ಕಡೆ ಅಭೇದ್ಯವಾದ ನಗರದ ಪ್ರಾಣ ನೆಲದ ಕಡೆಯ ರೈಲಿನಲ್ಲಿತ್ತು. 19 ಮತ್ತು 22ರ ನೇರ ದಾಳಿಗಳು ವಿಫಲವಾದ ಮೇಲೆ ಮುತ್ತಿಗೆ ಬಿಗಿಯಾಯಿತು. ಜುಲೈ 4ರಂದು 29,000ಕ್ಕೂ ಹೆಚ್ಚು ಸೈನಿಕರು 172 ಫಿರಂಗಿಗಳೊಡನೆ ಶರಣಾದರು. ಸುದ್ದಿ ತಲುಪಿದ ಮೇಲೆ ಪೋರ್ಟ್ ಹಡ್ಸನ್ 9ರಂದು ಶರಣಾಯಿತು. ಸೇಂಟ್ ಲೂಯಿಸ್‌ನಿಂದ ಹೊರಟಿದ್ದ ಇಂಪೀರಿಯಲ್ ಎಂಬ ಸ್ಟೀಮರ್ ಜುಲೈ 16ರಂದು ನ್ಯೂ ಆರ್ಲಿಯನ್ಸ್ ಧಕ್ಕೆ ಸೇರಿತು.

ಈ ವಿಜಯದಲ್ಲಿ ನದಿಯ ಪಾಲೆಷ್ಟು, ಸೇನೆಯ ಶರಣಾಗತಿಯ ಪಾಲೆಷ್ಟು ಎಂದು ಬೇರ್ಪಡಿಸಿ ತೂಗುವುದು ಒಳ್ಳೆಯ ಅಭ್ಯಾಸ. ನನ್ನ ಅಭಿಪ್ರಾಯದಲ್ಲಿ ಟೆಕ್ಸಸ್ಸಿನ ದನಗಳ ನಷ್ಟವನ್ನು ಚರಿತ್ರೆಕಾರರು ಸ್ವಲ್ಪ ಹೆಚ್ಚಾಗಿಯೇ ಹೇಳುತ್ತಾರೆ. ಅಡ್ಡಸಾಗಣೆ ಅದಕ್ಕೆ ಮೊದಲೇ ಸೊರಗಿತ್ತು. ಒಂದು ಊರನ್ನು ಉಳಿಸಿಕೊಳ್ಳುವ ಹಟದಲ್ಲಿ ಇಡೀ ಸೇನೆಯನ್ನು ಅದರೊಳಗೆ ಮುಚ್ಚಿಕೊಂಡದ್ದೇ ದಕ್ಷಿಣಕ್ಕೆ ದೊಡ್ಡ ಪೆಟ್ಟು. ಪೆಂಬರ್ಟನ್‌ಗೆ ಎರಡು ಆದೇಶಗಳಿದ್ದವು: ಊರನ್ನು ಬಿಡಬೇಡವೆಂದು ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್, ಊರನ್ನು ಬಿಟ್ಟು ಸೇನೆಯನ್ನು ಉಳಿಸಿಕೋ ಎಂದು ಮೇಲಧಿಕಾರಿ ಜೋಸೆಫ್ ಜಾನ್‌ಸ್ಟನ್.

ಊರೊಳಗಿನ ಲೆಕ್ಕ

ಮುತ್ತಿಗೆಯ ವಿಕ್ಸ್‌ಬರ್ಗ್‌ನಲ್ಲಿ ಜನ ದಿಬ್ಬದ ಮೆದು ಮಣ್ಣಿನಲ್ಲಿ ಗುಹೆ ತೋಡಿಕೊಂಡು ಬದುಕಿದರು. ಅಲ್ಲಿನ ಪತ್ರಿಕೆ ಕಾಗದ ಮುಗಿದು ಗೋಡೆಗೆ ಅಂಟಿಸುವ ಕಾಗದದ ಹಿಂಬದಿಯಲ್ಲಿ ಅಚ್ಚಾಯಿತು. ಇಂಥ ವಿವರಗಳು ಪುಸ್ತಕಗಳಲ್ಲಿ ಧಾರಾಳವಾಗಿವೆ. ಅಷ್ಟಾಗಿ ಚರ್ಚೆಯಾಗದ್ದು ಹಿಡಿದ ನಗರವನ್ನು ಆಳುವ ಕಷ್ಟ. 1862ರ ಜೂನ್‌ನಲ್ಲಿ ಕೈಗೆ ಬಂದ ಮೆಂಫಿಸ್‌ನಲ್ಲಿ ಹತ್ತಿ ಕೊಳ್ಳಲು ಬಂದ ಉತ್ತರದ ವ್ಯಾಪಾರಿಗಳ ಮೂಲಕ ಉಪ್ಪು, ಔಷಧ, ಬೂಟು ಶತ್ರುಸೇನೆಗೆ ಹರಿದುಹೋಗುತ್ತಿತ್ತು. ದಂಡೆಯ ಪೊದೆಗಳಿಂದ ಗೆರಿಲ್ಲಾಗಳು ಸ್ಟೀಮರುಗಳಿಗೆ ಗುಂಡು ಹಾರಿಸುತ್ತಿದ್ದರು. ಅದಕ್ಕೆ ಪ್ರತೀಕಾರವಾಗಿ ಶೆರ್ಮನ್ ಆ ಸೆಪ್ಟೆಂಬರ್‌ನಲ್ಲಿ ರ್‍ಯಾಂಡಾಲ್ಫ್ ಎಂಬ ಊರನ್ನೇ ಸುಡಿಸಿದ. ಹಿಡಿದ ಪ್ರತಿ ಊರೂ ಕಾವಲು ದಂಡನ್ನು ಕೇಳುತ್ತದೆಂಬ ಖರ್ಚನ್ನು ನಿಮ್ಮ ಲೆಕ್ಕದಲ್ಲಿ ಕಳೆಯಿರಿ.

ಇನ್ನೊಂದು ಕಡೆ ಕೂಡಬೇಕಾದ್ದೂ ಇದೆ. ಹತ್ತಿಯ ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಉತ್ತರದ ಸೇನೆಯಿದ್ದ ಮೆಂಫಿಸ್, ಹೆಲೆನಾ, ಕೈರೋದಂಥ ನದಿ ಊರುಗಳಿಗೆ ಬಂದು ಸೇರಿದರು. ದಕ್ಷಿಣದ ದುಡಿಮೆಯ ಶಕ್ತಿ ಕ್ಷೀಣಿಸಿತು, ಉತ್ತರಕ್ಕೆ ಹೊಸ ರೆಜಿಮೆಂಟುಗಳು ಸಿಕ್ಕವು. 1863ರ ಜೂನ್ 7ರಂದು ವಿಕ್ಸ್‌ಬರ್ಗ್‌ನ ಮೇಲ್ಗಡೆಯ ಮಿಲಿಕೆನ್ಸ್ ಬೆಂಡ್‌ನಲ್ಲಿ, ಆಗಷ್ಟೇ ಕೋವಿ ಹಿಡಿದಿದ್ದ ಕಪ್ಪು ಸೈನಿಕರು ಅಪಾರ ಸಾವುನೋವಿನ ನಡುವೆ ದಾಳಿಯನ್ನು ತಡೆದರು. ಬಂಡಾಯದ ಬುನಾದಿಯೇ ಗುಲಾಮಗಿರಿಯಾಗಿದ್ದ ಯುದ್ಧದಲ್ಲಿ ನದಿನಗರದ ಈ ಪಾತ್ರವನ್ನು ಅಡಿಟಿಪ್ಪಣಿಗೆ ತಳ್ಳುವುದು ಸರಿಯಲ್ಲ.

ಬೇರೆಡೆ ಒರೆಗೆ ಹಚ್ಚುವಾಗ

ಚೀನಾದ ತೈಪಿಂಗ್ ಬಂಡಾಯಗಾರರು 1853ರಲ್ಲಿ ವುಚಾಂಗ್‌ನಿಂದ ಯಾಂಗ್‌ಟ್ಸಿಯ ಹರಿವಿನ ಜೊತೆಗೆ ಇಳಿದು ನಾನ್‌ಜಿಂಗ್ ಹಿಡಿದು ರಾಜಧಾನಿ ಮಾಡಿಕೊಂಡರು. ಅವರನ್ನು ಮಣಿಸಲು ಹೊರಟ ಚಕ್ರವರ್ತಿಯ ಪಕ್ಷದ ಝೆಂಗ್ ಗುವೋಫಾನ್ ಕೂಡ ನಾವೆಪಡೆ ಕಟ್ಟಿಕೊಂಡು ಮೇಲಿನಿಂದಲೇ ಇಳಿದ; 1861ರ ಸೆಪ್ಟೆಂಬರ್‌ನಲ್ಲಿ ಆನ್‌ಛಿಂಗ್ ಬಿದ್ದ ಮೇಲೆ ಕೆಳಗಿನ ರಾಜಧಾನಿಗೆ ಮೇಲ್ಗಡೆಯ ಆಸರೆ ಉಳಿಯಲಿಲ್ಲ, 1864ರ ಜುಲೈಯಲ್ಲಿ ಅದೂ ಬಿತ್ತು. ರಷ್ಯಾದ ಅಂತರ್ಯುದ್ಧದಲ್ಲಿ ವೋಲ್ಗಾ ದಂಡೆಯ ತ್ಸಾರಿತ್ಸಿನ್ ಇನ್ನೊಂದು ಒಳ್ಳೆಯ ಪರೀಕ್ಷೆ. 1918ರಲ್ಲಿ ದಕ್ಷಿಣದ ಧಾನ್ಯ ಮಾಸ್ಕೋ ಕಡೆಗೆ ಹೋಗುವ ದಾರಿ ಅದಾಗಿತ್ತು. 1919ರ ಬೇಸಿಗೆಯಲ್ಲಿ ಬೋಲ್ಶೆವಿಕರ ವಿರೋಧಿಗಳಾದ ‘ಬಿಳಿಯ’ ಪಡೆಗಳು ಅದನ್ನು ಹಿಡಿಯುವ ಹೊತ್ತಿಗೆ, ಅವರು ಕೈಜೋಡಿಸಬೇಕಾಗಿದ್ದ ಅದೇ ಪಕ್ಷದ ಕೊಲ್ಚಾಕ್‌ನ ಸೇನೆ ಪೂರ್ವಕ್ಕೆ ಹಿಮ್ಮೆಟ್ಟುತ್ತಿತ್ತು. ಅದೇ ಊರು, ಅದೇ ನದಿ, ಒಂದೇ ವರ್ಷದ ಅಂತರದಲ್ಲಿ ತೂಕ ಬೇರೆ. ಚಳಿಗಾಲದಲ್ಲಿ ವೋಲ್ಗಾ ಹೆಪ್ಪುಗಟ್ಟುತ್ತದೆಂಬುದನ್ನೂ ಅಲ್ಲಿ ಸೇರಿಸಬೇಕು.

ನದಿದಂಡೆಯಲ್ಲಿದೆ ಎಂಬ ಮಾತ್ರಕ್ಕೆ ಊರಿನ ಬೆಲೆಯನ್ನು ನದಿಗೆ ಕಟ್ಟದಿರಲು ರಿಚ್ಮಂಡ್ ಅನ್ನು ನೋಡಿ. ಜೇಮ್ಸ್ ನದಿಯ ದಂಡೆಯ ಆ ರಾಜಧಾನಿಯನ್ನು ನೀರಿನಿಂದ ಹಿಡಿಯುವ ಯತ್ನ 1862ರ ಮೇ 15ರಂದು ಡ್ರೂರೀಸ್ ಬ್ಲಫ್ ದಿಬ್ಬದ ಕೆಳಗೇ ಮುಗಿಯಿತು. ಉತ್ತರದವರ ಕಬ್ಬಿಣದ ಹೊದಿಕೆಯ ಪ್ರಸಿದ್ಧ ಮಾನಿಟರ್ ನಾವೆಯೂ ಅಲ್ಲಿಂದ ಹಿಂತಿರುಗಿತು. ಆ ಮೇಲೆ ನಗರ ಬದುಕಿದ್ದು ರೈಲಿನಿಂದ. ಆದರೆ 1864ರ ಬೇಸಿಗೆಯಿಂದ ಗ್ರಾಂಟ್‌ಗೆ ಅದೇ ಜೇಮ್ಸ್ ಸರಬರಾಜಿನ ಹೆದ್ದಾರಿಯಾಯಿತು. ಅಪೊಮಾಟಕ್ಸ್ ನದಿ ಅದನ್ನು ಕೂಡುವ ಸಿಟಿ ಪಾಯಿಂಟ್ ಎಂಬ ಹಳ್ಳಿಯಲ್ಲಿ ಧಕ್ಕೆಗಳೂ ಉಗ್ರಾಣಗಳೂ ಎದ್ದವು, ಅಲ್ಲಿಂದ ಪೀಟರ್ಸ್‌ಬರ್ಗ್‌ನ ಕಂದಕಗಳವರೆಗೆ ಸೇನೆಯೇ ರೈಲು ಓಡಿಸಿತು. ಪಟ್ಟಿಯಲ್ಲಿ ರಿಚ್ಮಂಡ್‌ನ ಮುಂದೆ ರೈಲನ್ನೂ ಸಿಟಿ ಪಾಯಿಂಟ್‌ನ ಮುಂದೆ ನದಿಯನ್ನೂ ಬರೆದುಕೊಳ್ಳಿ: 1865ರ ಏಪ್ರಿಲ್ 2ರಂದು ಪೀಟರ್ಸ್‌ಬರ್ಗ್‌ಗೆ ಉಳಿದಿದ್ದ ಕೊನೆಯ ರೈಲುಮಾರ್ಗ ಕಡಿದುಹೋಯಿತು, ಆ ರಾತ್ರಿಯೇ ದಕ್ಷಿಣದ ಸರ್ಕಾರ ರಿಚ್ಮಂಡ್ ಅನ್ನು ಬಿಟ್ಟು ಹೊರಟಿತು.